ಮಾರ್ಚ್‌ನಲ್ಲಿ ಮಗಳ ಹೆರಿಗೆ: ಅಮೆರಿಕಕ್ಕೆ ಈಗಲೇ ಟಿಕೆಟ್ ಮಾಡಿಸಬಹುದಾ?

ಕ್ಯಾತ್ಸಂದ್ರದ ಟೀಚರ್ · 2021 ಡಿಸೆಂಬರ್ 3

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನವಳು, ನಿವೃತ್ತ ಶಿಕ್ಷಕಿ. ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಚೊಚ್ಚಲ ಹೆರಿಗೆ. ಮಾರ್ಚ್ ಮೊದಲ ವಾರಕ್ಕೆ ಡೇಟ್ ಕೊಟ್ಟಿದ್ದಾರೆ. ಬಾಣಂತನಕ್ಕೆ ನಾನು, ನಮ್ಮನೆಯವರು ಇಬ್ಬರೂ ಹೋಗಬೇಕು ಅಂತ ಆಗಿನಿಂದಲೂ ಆಸೆ.

ಕಳೆದ ವಾರ ಎಲ್ಲಾ ಸರಿಹೋಯಿತು ಅಂದುಕೊಂಡಿದ್ದೆವು. ಡಿಸೆಂಬರ್ 15ರಿಂದ ಅಂತರರಾಷ್ಟ್ರೀಯ ವಿಮಾನಗಳು ಮೊದಲಿನ ಹಾಗೆ ಓಡುತ್ತವೆ ಅಂತ ನವೆಂಬರ್ 26ಕ್ಕೆ ಹೇಳಿದರು. ಅದೇ ದಿನ ಕೊರೋನಾದ ಹೊಸ ತಳಿಗೆ ಓಮಿಕ್ರಾನ್ ಅನ್ನೋ ಹೆಸರೂ ಬಂತು. ಐದು ದಿನ ಕಳೆಯುವುದರೊಳಗೆ ಆ 15ನೇ ತಾರೀಖನ್ನೇ ಮುಂದಕ್ಕೆ ಹಾಕಿದರು. ನಿನ್ನೆ ನೋಡಿದರೆ ದೇಶದ ಮೊದಲ ಎರಡು ಓಮಿಕ್ರಾನ್ ಕೇಸು ನಮ್ಮ ಬೆಂಗಳೂರಿನಲ್ಲೇ ಸಿಕ್ಕಿವೆ. ರಾತ್ರಿ ನಿದ್ದೆ ಬರಲಿಲ್ಲ.

ನಮ್ಮ ಪರಿಸ್ಥಿತಿ ಹೇಳುತ್ತೇನೆ. ವೀಸಾ ಇದೆ, 2018ರಲ್ಲಿ ಹತ್ತು ವರ್ಷದ್ದು ಸಿಕ್ಕಿತ್ತು, ಆದರೆ ಅದು ಹಳೆ ಪಾಸ್‌ಪೋರ್ಟ್‌ನಲ್ಲಿದೆ. ನನಗೆ ಕೊವ್ಯಾಕ್ಸಿನ್ ಎರಡು ಡೋಸ್, ಅವರಿಗೆ ಕೋವಿಶೀಲ್ಡ್ ಎರಡು ಡೋಸ್ ಆಗಿದೆ. ಅವರಿಗೆ ಸಕ್ಕರೆ ಕಾಯಿಲೆ ಇದೆ. ಈಗಲೇ ಟಿಕೆಟ್ ಮಾಡಿಸೋಣವೇ, ಜನವರಿವರೆಗೆ ಕಾಯೋಣವೇ? ಮಾಡಿಸಿದ ಮೇಲೆ ನಿಲ್ಲಿಸಿಬಿಟ್ಟರೆ ದುಡ್ಡು ವಾಪಸ್ ಬರುತ್ತಾ? ತಿಳಿದವರು ದಯವಿಟ್ಟು ಹೇಳಿ.

ಬಿ.ಎಚ್. ರಸ್ತೆ ಟಿಕೆಟ್ ಅಂಗಡಿ · ಡಿಸೆಂಬರ್ 3

ಮೇಡಂ, ಹದಿನಾಲ್ಕು ವರ್ಷದಿಂದ ಟಿಕೆಟ್ ಕೆಲಸ ಮಾಡುತ್ತಿದ್ದೇನೆ, ನನಗೆ ಗೊತ್ತಿರುವುದನ್ನು ನೇರವಾಗಿ ಹೇಳುತ್ತೇನೆ.

ಮೊದಲು ಭಯ ಬಿಡಿ. 15ನೇ ತಾರೀಖಿನದು ಮುಂದಕ್ಕೆ ಹೋಯಿತು ಅಂದರೆ ವಿಮಾನವೇ ಇಲ್ಲ ಅಂತಲ್ಲ. 2020ರ ಮಾರ್ಚ್‌ನಲ್ಲಿ ಮಾಮೂಲಿ ವಿಮಾನ ನಿಂತ ಮೇಲೆ ಮೇ ತಿಂಗಳಲ್ಲಿ ಹೊರದೇಶದಲ್ಲಿ ಸಿಕ್ಕಿಕೊಂಡವರನ್ನು ಕರೆತರುವ ಸರ್ಕಾರದ ವಂದೇ ಭಾರತ್ ವಿಮಾನಗಳು ಬಂದವು, ಜುಲೈನಿಂದ ಏರ್ ಬಬಲ್ ಬಂತು. ಅಂದರೆ ಎರಡು ದೇಶಗಳು ಮಾತಾಡಿಕೊಂಡು ಲೆಕ್ಕ ಹಾಕಿ ಓಡಿಸುವ ವಿಮಾನಗಳು. ಅಮೆರಿಕದ ಜೊತೆ ಆ ಒಪ್ಪಂದ ಇವತ್ತಿಗೂ ಇದೆ. ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಏರ್ ಇಂಡಿಯಾ ನೇರ ವಿಮಾನ ಈ ವರ್ಷ ಜನವರಿಯಲ್ಲಿ ಶುರುವಾಯಿತಲ್ಲ, ನಿಮಗೆ ಅದೇ ಒಳ್ಳೆಯದು. ದಿನಾ ಇಲ್ಲ, ರೇಟೂ ಜಾಸ್ತಿ. ಆದರೂ ನಡುವೆ ಇನ್ನೊಂದು ದೇಶದ ಕಾನೂನಿನ ತಲೆನೋವು ಇರುವುದಿಲ್ಲ.

ದುಡ್ಡಿನ ವಿಷಯ. ಸುಪ್ರೀಂ ಕೋರ್ಟ್ 2020ರ ಅಕ್ಟೋಬರ್ 1ಕ್ಕೆ ಆದೇಶ ಕೊಟ್ಟಿತು, ಲಾಕ್‌ಡೌನ್ ಸಮಯದ ಟಿಕೆಟ್‌ಗೆ ದುಡ್ಡು ವಾಪಸ್ ಅಥವಾ ಕ್ರೆಡಿಟ್ ಕೊಡಬೇಕು ಅಂತ. ಬಹಳ ಜನ ಅದನ್ನೇ ನಂಬಿಕೊಂಡು ಬರುತ್ತಾರೆ. ಅದು ಆ ಸಮಯದ ಟಿಕೆಟ್‌ಗಳಿಗೆ ಮಾತ್ರ. ಈಗ ಮಾಡಿಸುವ ಟಿಕೆಟ್‌ಗೆ ನಿಮ್ಮ ಟಿಕೆಟ್‌ನ ನಿಯಮ ಏನು ಹೇಳುತ್ತದೋ ಅದೇ. ವಿಮಾನ ಕಂಪನಿಯೇ ರದ್ದು ಮಾಡುವುದು ಬೇರೆ, ವಿಮಾನ ಹೋಗುತ್ತಿದ್ದರೂ ನೀವು ಹೋಗಲಾಗದಿರುವುದು ಬೇರೆ. ಎರಡನೆಯದರಲ್ಲೇ ಜನ ದುಡ್ಡು ಕಳೆದುಕೊಳ್ಳುವುದು. ಟಿಕೆಟ್ ಮಾಡಿಸುವಾಗ ಎರಡು ಪ್ರಶ್ನೆ ಕೇಳಿ. ದಿನ ಬದಲಿಸಿದರೆ ಎಷ್ಟು ಕಟ್ಟಬೇಕು? ರದ್ದು ಮಾಡಿದರೆ ಕೈಗೆ ಎಷ್ಟು ಬರುತ್ತದೆ? ಉತ್ತರ ಬಾಯಲ್ಲಿ ಬೇಡ, ಬರವಣಿಗೆಯಲ್ಲಿ ತೆಗೆದುಕೊಳ್ಳಿ, ನನ್ನಂಥ ಅಂಗಡಿಯವನೇ ಆಗಿದ್ದರೂ.

ಗುಬ್ಬಿ ತೋಟದವರು · ಡಿಸೆಂಬರ್ 4

ತಪ್ಪು ತಿಳಿಯಬೇಡಿ ಅಕ್ಕ. ಯಜಮಾನರಿಗೆ ಶುಗರ್ ಇದೆ ಅಂತೀರಿ, ವಯಸ್ಸೂ ಆಗಿದೆ. ಅಲ್ಲಿ ಆಸ್ಪತ್ರೆ ಖರ್ಚು ನಮ್ಮಂಥವರು ತಡೆಯುವುದಲ್ಲ. ಮಗಳು, ಅಳಿಯ ಓದಿದವರು, ಅಲ್ಲಿ ಎಲ್ಲಾ ಸೌಕರ್ಯ ಇದೆ. ಈ ಒಂದು ಸಲ ಇಲ್ಲಿಂದಲೇ ವಿಡಿಯೋದಲ್ಲಿ ನೋಡಿ ಸುಮ್ಮನಿದ್ದರೆ ಆಗಲ್ವಾ? ಮಗು ಎಲ್ಲೂ ಹೋಗುವುದಿಲ್ಲ. ಆರು ತಿಂಗಳು ಬಿಟ್ಟು ಹೋದರೂ ನಿಮ್ಮ ಮೊಮ್ಮಗುವೇ.

ಶಿಡ್ಲಘಟ್ಟದ ತಂಗಿ · ಡಿಸೆಂಬರ್ 4

ಗುಬ್ಬಿಯ ಅಣ್ಣ ಹೇಳಿದ್ದು ಕಾಳಜಿಯಿಂದಲೇ, ಒಪ್ಪುತ್ತೇನೆ. ಆದರೆ ನನ್ನ ಅನುಭವ ಬೇರೆ, ಅದನ್ನು ಹೇಳದೆ ಇರಲಾರೆ.

ನಮ್ಮಣ್ಣ ಅಮೆರಿಕದ ಪೌರ, ಹೊರದೇಶದ ಪೌರರಾದ ಭಾರತೀಯ ಮೂಲದವರಿಗೆ ಕೊಡುವ ಒಸಿಐ ಕಾರ್ಡ್ ಇತ್ತು. ಜೀವನಪೂರ್ತಿ ವೀಸಾ ಬೇಕಾಗಿಲ್ಲ, ಯಾವಾಗ ಬೇಕಾದರೂ ಬರಬಹುದು ಅಂತ ನಾವೆಲ್ಲ ನಿಶ್ಚಿಂತೆಯಾಗಿದ್ದೆವು. 2020ರ ಮಾರ್ಚ್ 13ರಿಂದ ಸರ್ಕಾರ ವೀಸಾಗಳನ್ನು ತಡೆಹಿಡಿಯಿತು, ಒಸಿಐನವರೂ ಬರುವ ಹಾಗಿರಲಿಲ್ಲ. ಏಪ್ರಿಲ್‌ನಲ್ಲಿ ಅಪ್ಪ ಹೋದರು. ನಾನು ಫೋನ್ ಹಿಡಿದುಕೊಂಡು ನಿಂತಿದ್ದೆ, ಅಣ್ಣ ಆ ಕಡೆ ನೋಡುತ್ತಿದ್ದ, ಅಲ್ಲಿ ಅವನಿಗೆ ಮಧ್ಯರಾತ್ರಿ. ನೆಟ್‌ವರ್ಕ್ ಹೋಗಿ ಬರುತ್ತಿತ್ತು. ಚಿತೆಗೆ ಬೆಂಕಿ ಇಡುವ ಹೊತ್ತಿಗೆ ಸರಿಯಾಗಿ ಕಟ್ ಆಯಿತು. ಮತ್ತೆ ಹಚ್ಚಿದಾಗ ಅವನು "ಆಯ್ತಾ?" ಅಂತ ಕೇಳಿದ. ಆ ಒಂದು ಮಾತು ನನಗೆ ಇವತ್ತಿಗೂ ಕಿವಿಯಲ್ಲಿದೆ. ಮೇ ಕೊನೆಗೆ ಇಂಥ ತುರ್ತಿಗೆ ಒಸಿಐನವರಿಗೆ ಸ್ವಲ್ಪ ಅವಕಾಶ ಕೊಟ್ಟರು, ಅಷ್ಟರಲ್ಲಿ ತಿಥಿಯೆಲ್ಲ ಮುಗಿದಿತ್ತು.

ಅದಕ್ಕೇ ಹೇಳುತ್ತಿದ್ದೇನೆ ಟೀಚರಮ್ಮ. ಬಾಗಿಲು ತೆರೆದಿರುವಾಗ ಹೋಗಿಬಿಡಿ. ಮಾರ್ಚ್ ಹೆರಿಗೆ ಅಂತ ಫೆಬ್ರವರಿ ಕೊನೆಗೆ ಇಟ್ಟುಕೊಳ್ಳಬೇಡಿ. ಹೆರಿಗೆಯ ದಿನ ನಿಮ್ಮ ಕೈಯಲ್ಲಿಲ್ಲ, ಹೊರಡುವ ದಿನ ನಿಮ್ಮ ಕೈಯಲ್ಲಿದೆ. ಮೂರು ನಾಲ್ಕು ವಾರ ಮುಂಚೆ ಇಟ್ಟುಕೊಂಡರೆ ಒಂದು ಸಲ ತಪ್ಪಿದರೂ ಇನ್ನೊಂದು ಸಲ ಪ್ರಯತ್ನ ಮಾಡಲು ದಿನ ಉಳಿದಿರುತ್ತವೆ.

ಚಿಕ್ಕಬಳ್ಳಾಪುರದ ತಂದೆ · ಡಿಸೆಂಬರ್ 5

ನೇರ ವಿಮಾನ ಅನ್ನುವ ಮಾತಿಗೆ ನನ್ನದೂ ಒಂದು ಓಟು. ನಮ್ಮ ಹುಡುಗ ಈ ವರ್ಷ ಕೆನಡಾಕ್ಕೆ ಓದಲು ಹೋದ. ಏಪ್ರಿಲ್ 22ರಿಂದ ಕೆನಡಾ ಭಾರತದ ನೇರ ವಿಮಾನಗಳನ್ನು ನಿಲ್ಲಿಸಿತ್ತು. ನಿಷೇಧ ಒಂದು ತಿಂಗಳು ಅಂತ ಶುರುವಾಗಿ ಮತ್ತೆ ಮತ್ತೆ ಮುಂದಕ್ಕೆ ಹೋಗಿ ಸೆಪ್ಟೆಂಬರ್ ಕೊನೆವರೆಗೆ ಎಳೆಯಿತು. ಬೇರೆ ದೇಶದ ಮೇಲೆ ಹೋಗಬಹುದಿತ್ತು, ಆದರೆ ಕೊರೋನಾ ಪರೀಕ್ಷೆ ಆ ಮೂರನೇ ದೇಶದಲ್ಲೇ ಆಗಬೇಕು, ನಮ್ಮ ದೇಶದ ರಿಪೋರ್ಟ್ ನಡೆಯುವುದಿಲ್ಲ. ಹಾಗಾಗಿ ಅವನು ಮಾಲ್ಡೀವ್ಸ್‌ಗೆ ಹೋಗಿ, ಅಲ್ಲಿ ಉಳಿದು, ಪರೀಕ್ಷೆ ಮಾಡಿಸಿ, ಅಲ್ಲಿಂದ ಯೂರೋಪ್ ಮೇಲೆ ಹೋದ. ವಯಸ್ಸು ಇಪ್ಪತ್ತೆರಡು. ಮೊದಲ ಸಲ ವಿಮಾನ ಹತ್ತಿದ್ದು. ನಮಗೆ ಆ ಒಂಬತ್ತು ದಿನ ಊಟ ಸೇರಲಿಲ್ಲ. ಟಿಕೆಟ್ಟು, ಹೋಟೆಲ್ಲು ಎಲ್ಲಾ ಸೇರಿ ಮಾಮೂಲಿಗಿಂತ ಎರಡು ಪಟ್ಟಿಗೂ ಮೇಲೆ ಹೋಯಿತು, ದ್ರಾಕ್ಷಿ ತೋಟದ ಮೇಲೆ ಸಾಲ ಮಾಡಿದೆ.

ಕಲಿತದ್ದು ಏನೆಂದರೆ, ನೀವು ಹೋಗುವ ದೇಶದ ನಿಯಮ ಒಂದನ್ನೇ ನೋಡಿದರೆ ಸಾಲದು. ನಡುವೆ ಇಳಿಯುವ ದೇಶದ್ದು ಬೇರೆ, ವಿಮಾನ ಕಂಪನಿಯದ್ದು ಬೇರೆ, ವಾಪಸ್ ಬರುವಾಗ ನಮ್ಮದು ಬೇರೆ. ನಾಲ್ಕರಲ್ಲಿ ಒಂದು ಬದಲಾದರೂ ಪೂರ್ತಿ ನಿಲ್ಲುತ್ತದೆ.

ಕೋಲಾರದ ನರ್ಸ್ · ಡಿಸೆಂಬರ್ 6

ಟೀಚರ್, ಒಂದು ಸುದ್ದಿ. ಇವತ್ತಿನಿಂದ ಅಮೆರಿಕ ನಿಯಮ ಬದಲಾಗಿದೆ. ಲಸಿಕೆ ಆದವರಿಗೆ ಮೂರು ದಿನದ ಒಳಗಿನ ಕೊರೋನಾ ನೆಗೆಟಿವ್ ರಿಪೋರ್ಟ್ ಸಾಕಿತ್ತು, ಈಗ ಒಂದು ದಿನ. ಇದನ್ನು ಸರಿಯಾಗಿ ಅರ್ಥ ಮಾಡಿಕೊಳ್ಳಿ, 24 ಗಂಟೆ ಅಲ್ಲ, ಒಂದು ದಿನ. ಗುರುವಾರ ಯಾವ ಹೊತ್ತಿಗೆ ವಿಮಾನ ಇದ್ದರೂ ಬುಧವಾರ ಬೆಳಗ್ಗೆ ಕೊಟ್ಟ ಸ್ಯಾಂಪಲ್ ನಡೆಯುತ್ತದೆ. ಆರ್‌ಟಿ-ಪಿಸಿಆರೇ ಆಗಬೇಕು ಅಂತ ಇಲ್ಲ, ಲ್ಯಾಬಿನಲ್ಲಿ ಮಾಡಿದ ರಾಪಿಡ್ ಆಂಟಿಜೆನ್ ಪರೀಕ್ಷೆಯನ್ನೂ ಅವರು ಒಪ್ಪುತ್ತಾರೆ. ನಮ್ಮ ಕಡೆ ಜಿಲ್ಲೆಗಳಲ್ಲಿ ಕೇಸು ಜಾಸ್ತಿಯಾದಾಗ ಪಿಸಿಆರ್ ರಿಪೋರ್ಟ್ ಬರಲು ಎರಡು ದಿನ ಆಗುವುದೂ ಉಂಟು, ಆಗ ಒಂದು ದಿನದ ನಿಯಮಕ್ಕೆ ಆಂಟಿಜೆನ್ ಒಂದೇ ದಾರಿ. ಮನೆಯಲ್ಲಿ ನೀವೇ ಮಾಡಿಕೊಳ್ಳುವ ಕಿಟ್ ಮಾತ್ರ ನಡೆಯುವುದಿಲ್ಲ.

ಲಸಿಕೆ ಬಗ್ಗೆ ಯೋಚನೆ ಬೇಡ. ಅಮೆರಿಕ ನವೆಂಬರ್ 8ಕ್ಕೆ ಬಾಗಿಲು ತೆರೆದಾಗ ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯ ಲಸಿಕೆಗಳನ್ನೆಲ್ಲ ಒಪ್ಪಿತು. ಕೊವ್ಯಾಕ್ಸಿನ್ ಆ ಪಟ್ಟಿಗೆ ಸೇರಿದ್ದು ನವೆಂಬರ್ 3ಕ್ಕೆ, ಬರೀ ಐದು ದಿನ ಮುಂಚೆ. ಎರಡನೇ ಡೋಸ್ ಆಗಿ 14 ದಿನ ಕಳೆದಿದ್ದರೆ ಆಯಿತು.

ಆದರೆ ಸರ್ಟಿಫಿಕೇಟ್ ತೆಗೆದು ನೋಡಿ. ಕೋವಿನ್ ಸರ್ಟಿಫಿಕೇಟ್‌ನಲ್ಲಿ ಆಧಾರ್‌ನಲ್ಲಿ ಇದ್ದ ಹಾಗೆ ಹೆಸರು ಬಂದಿರುತ್ತದೆ. ನಮ್ಮವರ ಹೆಸರಲ್ಲಿ ಇನಿಶಿಯಲ್ ಇರುತ್ತದಲ್ಲ, ಆಧಾರ್‌ನಲ್ಲಿ ಎರಡು ಅಕ್ಷರ, ಪಾಸ್‌ಪೋರ್ಟ್‌ನಲ್ಲಿ ಅದೇ ಬಿಡಿಸಿ ಊರ ಹೆಸರು, ಅಪ್ಪನ ಹೆಸರು ಪೂರ್ತಿ. ಕೌಂಟರಿನಲ್ಲಿ ಕೂತವರಿಗೆ ಇದು ಇಬ್ಬರು ಬೇರೆ ಬೇರೆ ಮನುಷ್ಯರ ಥರ ಕಾಣುತ್ತದೆ. ಕೋವಿನ್ ತಾಣದಲ್ಲಿ ಪಾಸ್‌ಪೋರ್ಟ್ ಸಂಖ್ಯೆ ಸೇರಿಸಿ, ಹೆಸರು ಪಾಸ್‌ಪೋರ್ಟ್‌ನಂತೆ ತಿದ್ದಿಸಿ, ಪೂರ್ತಿ ಹುಟ್ಟಿದ ದಿನಾಂಕ ಇರುವ ಅಂತರರಾಷ್ಟ್ರೀಯ ಸರ್ಟಿಫಿಕೇಟ್ ಇಳಿಸಿಕೊಳ್ಳಿ. ಹೆಸರು ತಿದ್ದಲು ಒಂದೇ ಸಲ ಅವಕಾಶ ಇದೆ, ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡು ಒಂದೊಂದು ಅಕ್ಷರ ನೋಡಿ ಮಾಡಿ.

ಕೆಜಿಎಫ್ ಹುಡುಗ · ಡಿಸೆಂಬರ್ 6

ನರ್ಸ್ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ದುಬೈನಲ್ಲಿ ಕೆಲಸ ಮಾಡುತ್ತೇನೆ. ಏಪ್ರಿಲ್‌ನಲ್ಲಿ ಅಮ್ಮನನ್ನು ನೋಡಲು ಹತ್ತು ದಿನಕ್ಕೆ ಬಂದೆ, ಅಷ್ಟರಲ್ಲಿ ನಮ್ಮ ದೇಶದವರನ್ನು ಒಳಗೆ ಬಿಡುವುದು ನಿಲ್ಲಿಸಿದರು, ಆಗಸ್ಟ್‌ವರೆಗೆ ಮನೆಯಲ್ಲೇ. ನಾಲ್ಕು ತಿಂಗಳು ಸಂಬಳ ಇಲ್ಲ. ಹೋಗುವಾಗ 48 ಗಂಟೆ ಒಳಗಿನ ಪಿಸಿಆರ್, ಅದರ ಮೇಲೆ ಹೊರಡುವ ಮುಂಚೆ ಏರ್‌ಪೋರ್ಟ್‌ನಲ್ಲೇ ರಾಪಿಡ್ ಪಿಸಿಆರ್. ನನ್ನ ರಿಪೋರ್ಟ್‌ನಲ್ಲಿ ಲ್ಯಾಬಿನವರು ಹೆಸರಿನ ಒಂದು ಅಕ್ಷರ ತಪ್ಪು ಹಾಕಿದ್ದರು. ಕೌಂಟರಿನಲ್ಲಿ ಒಂದು ಗಂಟೆ ನಿಲ್ಲಿಸಿದರು, ಲ್ಯಾಬಿಗೆ ಫೋನ್ ಮಾಡಿ ಬೇರೆ ಪ್ರತಿ ತರಿಸಿಕೊಂಡ ಮೇಲೆ ಬಿಟ್ಟರು. ಲ್ಯಾಬಿನಿಂದ ಹೊರಗೆ ಬರುವ ಮುಂಚೆಯೇ ಓದಿ ನೋಡಿ.

ಕ್ಯಾತ್ಸಂದ್ರದ ಟೀಚರ್ · ಡಿಸೆಂಬರ್ 11

ಎಲ್ಲರಿಗೂ ಕೈಮುಗಿಯುತ್ತೇನೆ. ಶಿಡ್ಲಘಟ್ಟದ ತಂಗಿ ಬರೆದದ್ದನ್ನು ನಮ್ಮನೆಯವರಿಗೆ ಓದಿ ಹೇಳಿದೆ, ಅವರು ಏನೂ ಮಾತಾಡದೆ ಎದ್ದು ಹೋಗಿ ಪಾಸ್‌ಪೋರ್ಟ್ ತಂದು ಮುಂದೆ ಇಟ್ಟರು. ಇಬ್ಬರಿಗೂ ಫೆಬ್ರವರಿ 10, ಗುರುವಾರ, ನೇರ ವಿಮಾನ. ದಿನ ಬದಲಿಸಲು ಅವಕಾಶ ಇರುವ ಟಿಕೆಟ್. ಸ್ವಲ್ಪ ಜಾಸ್ತಿ ಆಯಿತು, ಪರವಾಗಿಲ್ಲ. ಇಬ್ಬರದೂ ಬೇರೆ ಬೇರೆ ಟಿಕೆಟ್ ಮಾಡಿಸಿದ್ದೇವೆ, ಒಬ್ಬರಿಗೆ ಪಾಸಿಟಿವ್ ಬಂದರೆ ಇನ್ನೊಬ್ಬರು ಹೋಗುವುದು ಅಂತ ಈಗಲೇ ಮಾತಾಡಿಕೊಂಡಿದ್ದೇವೆ. ಇದು ಮಗಳ ಸಲಹೆ.

ಅವರ ಸರ್ಟಿಫಿಕೇಟ್‌ನಲ್ಲಿ ಬರೀ ಇನಿಶಿಯಲ್ ಇತ್ತು! ತಿದ್ದಿಸಿದೆವು. ಹಳೆ ಪಾಸ್‌ಪೋರ್ಟ್‌ನ ವೀಸಾ ಪುಟ ಹರಿಯದೆ ಇದ್ದರೆ ಎರಡೂ ಪಾಸ್‌ಪೋರ್ಟ್ ಜೊತೆಗೆ ಒಯ್ದರೆ ಸಾಕಂತೆ.

ಬಿ.ಎಚ್. ರಸ್ತೆ ಟಿಕೆಟ್ ಅಂಗಡಿ · ಡಿಸೆಂಬರ್ 11

ಹೌದು ಮೇಡಂ, ಸಾಕು. ಹೊಸದಾಗಿ ವೀಸಾಕ್ಕೆ ಹಾಕುವವರಿಗೆ ಚೆನ್ನೈನಲ್ಲಿ ಸಂದರ್ಶನದ ದಿನ ಸಿಗುವುದೇ ಕಷ್ಟವಾಗಿದೆ, ಆ ಹಳೆ ಪುಸ್ತಕ ಜೋಪಾನ. ಇನ್ಶೂರೆನ್ಸ್ ಮರೆಯಬೇಡಿ. ಪಾಲಿಸಿಯಲ್ಲಿ ಕೋವಿಡ್ ಚಿಕಿತ್ಸೆ ಇದೆಯಾ, ಮೊದಲೇ ಇರುವ ಶುಗರ್‌ನಿಂದ ತೊಂದರೆಯಾದರೆ ಎಷ್ಟರವರೆಗೆ ಕೊಡುತ್ತಾರೆ, ಇವೆರಡನ್ನು ಓದಿ ತೆಗೆದುಕೊಳ್ಳಿ. ಗಡಿ ಮುಚ್ಚಿದರು ಅಂತ ಟಿಕೆಟ್ ದುಡ್ಡು ಕೊಡುವ ಪಾಲಿಸಿ ಸಾಮಾನ್ಯವಾಗಿ ಇರುವುದಿಲ್ಲ.

ಕ್ಯಾತ್ಸಂದ್ರದ ಟೀಚರ್ · 2022 ಜನವರಿ 17

ಏನು ಮಾಡಲಿ ಹೇಳಿ. ಶನಿವಾರದಿಂದ ನಮ್ಮನೆಯವರಿಗೆ ಗಂಟಲು ನೋವು, ಮೈಕೈ ನೋವು. ವಾರಾಂತ್ಯದ ಕರ್ಫ್ಯೂ ಅಂತ ಹೊರಗೆ ಹೋಗದೆ ಮೆಡಿಕಲ್‌ನಿಂದ ಕಿಟ್ ತರಿಸಿ ಮನೆಯಲ್ಲೇ ಪರೀಕ್ಷೆ ಮಾಡಿದೆವು. ಎರಡು ಗೆರೆ ಬಂತು. ಜ್ವರ ಜಾಸ್ತಿ ಇಲ್ಲ, ಆಮ್ಲಜನಕ 97 ಇದೆ. ನಾನು ಚೆನ್ನಾಗಿದ್ದೇನೆ. ವಿಮಾನಕ್ಕೆ 24 ದಿನ ಇದೆ. ಗುಣ ಆದ ಮೇಲೂ ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ಬರುತ್ತದೆ ಅಂತಾರೆ. ಅವರ ಟಿಕೆಟ್ ಮುಂದಕ್ಕೆ ಹಾಕಿಬಿಡಲೇ?

ಕೋಲಾರದ ನರ್ಸ್ · ಜನವರಿ 17

ಬೇಡ! ಟಿಕೆಟ್ ಮುಟ್ಟಬೇಡಿ. ಇವತ್ತೇ, ಈಗಲೇ ಅವರನ್ನು ಜಿಲ್ಲಾಸ್ಪತ್ರೆಗೋ ಒಳ್ಳೆ ಲ್ಯಾಬಿಗೋ ಕರೆದುಕೊಂಡು ಹೋಗಿ ಆರ್‌ಟಿ-ಪಿಸಿಆರ್ ಮಾಡಿಸಿ. ಮನೆ ಕಿಟ್‌ನ ಎರಡು ಗೆರೆಗೆ ಕಾಗದದ ಬೆಲೆ ಇಲ್ಲ. ಲ್ಯಾಬಿನ ಪಾಸಿಟಿವ್ ರಿಪೋರ್ಟ್ ಇದ್ದರೆ ಅದೇ ನಿಮ್ಮನ್ನು ಕಾಪಾಡುತ್ತದೆ.

ಹೇಗೆ ಅಂದರೆ, ಕೋವಿಡ್ ಬಂದು ಗುಣವಾದವರಿಗೆ ಅಮೆರಿಕ ನೆಗೆಟಿವ್ ರಿಪೋರ್ಟ್ ಕೇಳುವುದಿಲ್ಲ. ಅದರ ಬದಲು ವಿಮಾನದ ದಿನಕ್ಕೆ ಹಿಂದಿನ 90 ದಿನದೊಳಗಿನ ಪಾಸಿಟಿವ್ ರಿಪೋರ್ಟ್ ಮತ್ತು ಗುಣವಾಗಿದ್ದಾರೆ, ಪ್ರಯಾಣ ಮಾಡಬಹುದು ಅಂತ ವೈದ್ಯರು ಬರೆದ ಪತ್ರ, ಎರಡೂ ತೋರಿಸಿದರೆ ಸಾಕು. ಪತ್ರ ವೈದ್ಯರ ಲೆಟರ್‌ಹೆಡ್‌ನಲ್ಲಿ ಇರಬೇಕು, ವಿಳಾಸ, ಫೋನ್ ಸಂಖ್ಯೆ, ಸಹಿ, ದಿನಾಂಕ ಇರಬೇಕು, ಹೆಸರು ಪಾಸ್‌ಪೋರ್ಟ್‌ನಂತೆ. ಇಂಗ್ಲಿಷ್‌ನಲ್ಲೇ ಬರೆಸಿ. ತಡ ಮಾಡಿ ನೆಗೆಟಿವ್ ಆಗಿಬಿಟ್ಟರೆ ಕಾಯಿಲೆ ಬಂದಿತ್ತು ಅನ್ನುವುದಕ್ಕೆ ನಿಮ್ಮ ಹತ್ತಿರ ಯಾವ ಪುರಾವೆಯೂ ಇರುವುದಿಲ್ಲ.

ಶುಗರ್ ದಿನಕ್ಕೆರಡು ಸಲ ನೋಡಿ ಟೀಚರ್. ಉಸಿರಾಟಕ್ಕೆ ಸ್ವಲ್ಪ ತೊಂದರೆ ಅನ್ನಿಸಿದರೂ ಕಾಯಬೇಡಿ. ನೀವು ಬೇರೆ ಕೋಣೆಯಲ್ಲಿರಿ. ಪ್ರಯಾಣ ಆಮೇಲೆ, ಮೊದಲು ಅವರು.

ಗುಬ್ಬಿ ತೋಟದವರು · ಜನವರಿ 18

ಅಕ್ಕ, ಯಜಮಾನರು ಹೇಗಿದ್ದಾರೆ? ಎಳನೀರು ಕಳಿಸಿಕೊಡಲೇ? ನಮ್ಮ ಹುಡುಗ ದಿನಾ ತುಮಕೂರಿಗೆ ಬರುತ್ತಾನೆ, ಗೇಟಿನ ಹತ್ತಿರ ಇಟ್ಟು ಬರುತ್ತಾನೆ.

ಕ್ಯಾತ್ಸಂದ್ರದ ಟೀಚರ್ · ಜನವರಿ 20

ಅಣ್ಣ, ಎಳನೀರು ತಲುಪಿತು, ನಿಮ್ಮ ಋಣ ದೊಡ್ಡದು. ಪಿಸಿಆರ್ ಪಾಸಿಟಿವ್ ಬಂತು. ಪಾಸಿಟಿವ್ ರಿಪೋರ್ಟ್ ಬಂದದ್ದಕ್ಕೆ ಸಮಾಧಾನ ಪಡುವ ಕಾಲ ಬರುತ್ತದೆ ಅಂತ ಯಾವತ್ತೂ ಅಂದುಕೊಂಡಿರಲಿಲ್ಲ. ಈಗ ಜ್ವರ ಇಲ್ಲ, ಊಟ ಸೇರುತ್ತಿದೆ.

ನಿನ್ನೆ ಟಿವಿಯಲ್ಲಿ ಅಮೆರಿಕದ ವಿಮಾನ ರದ್ದು ಅಂತ ಬಂತಲ್ಲ, ಅದೇನು?

ಬಿ.ಎಚ್. ರಸ್ತೆ ಟಿಕೆಟ್ ಅಂಗಡಿ · ಜನವರಿ 20

ಅದಕ್ಕೂ ಕೋವಿಡ್‌ಗೂ ಸಂಬಂಧ ಇಲ್ಲ ಮೇಡಂ. ಅಲ್ಲಿ ಹೊಸ 5ಜಿ ಮೊಬೈಲ್ ಸೇವೆ ಶುರು ಮಾಡಿದರು, ಅದರ ತರಂಗ ವಿಮಾನದ ಎತ್ತರ ಅಳೆಯುವ ಉಪಕರಣಕ್ಕೆ ಅಡ್ಡ ಬರಬಹುದು ಅಂತ 19ಕ್ಕೆ ಕೆಲವು ವಿಮಾನ ನಿಲ್ಲಿಸಿದ್ದರು. ಏರ್‌ಪೋರ್ಟ್ ಹತ್ತಿರದ ಟವರ್‌ಗಳನ್ನು ಸದ್ಯಕ್ಕೆ ಶುರು ಮಾಡುವುದಿಲ್ಲ ಅಂತ ಒಪ್ಪಿದ್ದಾರೆ, ವಿಮಾನ ಮತ್ತೆ ಹೊರಡುತ್ತಿವೆ.

ವಾಪಸ್ ಬರುವ ಬಗ್ಗೆ ಈಗಲೇ ಚಿಂತೆ ಬೇಡ. ಜನವರಿ 11ರಿಂದ ಹೊರದೇಶದಿಂದ ಬಂದವರೆಲ್ಲ ಏಳು ದಿನ ಮನೆಯಲ್ಲೇ ಇದ್ದು ಎಂಟನೇ ದಿನ ಪರೀಕ್ಷೆ ಮಾಡಿಸಬೇಕು ಅಂತ ಮಾಡಿದ್ದಾರೆ. ನೀವು ಬರುವ ಹೊತ್ತಿಗೆ ಇದು ಹೀಗೇ ಇರುತ್ತೆ ಅಂತ ಯಾರೂ ಹೇಳಲಾರರು. ಬರುವ ಟಿಕೆಟ್ ದಿನ ಬದಲಿಸುವಂತೆ ಇದೆ, ಅಷ್ಟು ಸಾಕು.

ಕ್ಯಾತ್ಸಂದ್ರದ ಟೀಚರ್ · ಫೆಬ್ರವರಿ 13

ಕ್ಯಾಲಿಫೋರ್ನಿಯಾದಿಂದ ಬರೆಯುತ್ತಿದ್ದೇನೆ. ಇಬ್ಬರೂ ಬಂದೆವು!

9ನೇ ತಾರೀಖು ಬೆಳಗ್ಗೆ ನಾನು ಲ್ಯಾಬಿನಲ್ಲಿ ಆಂಟಿಜೆನ್ ಮಾಡಿಸಿದೆ, ಮಧ್ಯಾಹ್ನಕ್ಕೆ ನೆಗೆಟಿವ್ ರಿಪೋರ್ಟ್ ಕೈಗೆ ಬಂತು. ಹೊರಗೆ ಬರುವ ಮುಂಚೆ ಹೆಸರು, ಪಾಸ್‌ಪೋರ್ಟ್ ಸಂಖ್ಯೆ ಎರಡು ಸಲ ಓದಿದೆ, ಕೆಜಿಎಫ್ ಹುಡುಗನನ್ನು ನೆನೆದುಕೊಂಡೆ. ಬೆಂಗಳೂರಿನ ಒಳಗೆ ಹೋಗದೆ ದಾಬಸ್‌ಪೇಟೆ, ದೊಡ್ಡಬಳ್ಳಾಪುರ, ದೇವನಹಳ್ಳಿ ಮೇಲೆ ಹೋದೆವು. ಬೇಗ ತಲುಪಿ ಕೂತಿದ್ದೆವು.

ಕೌಂಟರಿನಲ್ಲಿ ನನ್ನದು ಎರಡು ನಿಮಿಷ. ಅವರದು ಅರ್ಧ ಗಂಟೆ ಹಿಡಿಯಿತು. ನೆಗೆಟಿವ್ ರಿಪೋರ್ಟ್ ಎಲ್ಲಿ ಅಂತಲೇ ಕೇಳಿದರು ಆ ಹುಡುಗಿ. ನಾನು ಪಾಸಿಟಿವ್ ರಿಪೋರ್ಟ್, ವೈದ್ಯರ ಪತ್ರ ಎರಡನ್ನೂ ಕೊಟ್ಟೆ. ಪಾಸಿಟಿವ್ ಅಂತ ನೋಡಿ ಆಕೆ ಗಾಬರಿಯಾದರು, ಮೇಲಿನವರನ್ನು ಕರೆದರು. ಅವರು ದಿನ ಎಣಿಸಿದರು, ಪತ್ರದ ಫೋನ್ ಸಂಖ್ಯೆ ನೋಡಿದರು, ಹೆಸರನ್ನು ಪಾಸ್‌ಪೋರ್ಟ್ ಜೊತೆ ಹೋಲಿಸಿದರು, ಆಮೇಲೆ "ಸರಿ ಇದೆ ಅಂಕಲ್, ಹೋಗಿ ಬನ್ನಿ" ಅಂದರು. ನನ್ನ ಕಾಲು ನಡುಗುತ್ತಿತ್ತು. ಒಂದು ಕಾಗದ ಕಡಿಮೆ ಇದ್ದಿದ್ದರೂ ಅವರು ಒಬ್ಬರೇ ತುಮಕೂರಿಗೆ ವಾಪಸ್ ಹೋಗಬೇಕಿತ್ತು.

ಇಲ್ಲಿ ಇಳಿದ ಮೇಲೆ ತಿಂಡಿ ಏನು ತಂದಿದ್ದೀರಿ ಅಂತ ಕೇಳಿದರು. ಅಕ್ಕಿ, ಹಣ್ಣು, ಬೀಜ ತರಬೇಡಿ ಅಂತ ಮಗಳು ಮೊದಲೇ ಹೇಳಿದ್ದಳು. ಅಂಟಿನುಂಡೆ, ಸಾರಿನ ಪುಡಿ, ಚಟ್ನಿಪುಡಿ ಎಲ್ಲಾ ಫಾರಂನಲ್ಲಿ ಬರೆದು ತೋರಿಸಿದೆ, ಬಿಟ್ಟರು.

ಶಿಡ್ಲಘಟ್ಟದ ತಂಗಿ · ಫೆಬ್ರವರಿ 13

ಟೀಚರಮ್ಮ, ಓದುತ್ತಾ ಕಣ್ಣು ತುಂಬಿತು. ಮಗಳಿಗೆ ದೃಷ್ಟಿ ತೆಗೆಯಿರಿ.

ಕ್ಯಾತ್ಸಂದ್ರದ ಟೀಚರ್ · ಮಾರ್ಚ್ 9

ಫೆಬ್ರವರಿ 24ಕ್ಕೇ ಹೆರಿಗೆಯಾಯಿತು, ಹೇಳಿದ್ದಕ್ಕಿಂತ ವಾರ ಮುಂಚೆ. ಹೆಣ್ಣು ಮಗು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆ. ಫೆಬ್ರವರಿ ಕೊನೆಗೆ ಟಿಕೆಟ್ ಮಾಡಿಸಿದ್ದರೆ ನಾನು ಆ ದಿನ ತುಮಕೂರಿನಲ್ಲಿ ಇರುತ್ತಿದ್ದೆ. ಬಾಣಂತಿಗೆ ಬಿಸಿ ನೀರು ಹಾಕುವುದು, ಮಗುವಿಗೆ ಎಣ್ಣೆ ಒತ್ತುವುದು ಎಲ್ಲಾ ನಾನೇ ಮಾಡುತ್ತಿದ್ದೇನೆ. ಅಜ್ಜನಿಗೆ ತೊಟ್ಟಿಲು ತೂಗುವ ಕೆಲಸ.

ಬರುವವರು ಏಳು ದಿನ ಮನೆಯಲ್ಲೇ ಇರಬೇಕು ಅನ್ನೋ ನಿಯಮ ಫೆಬ್ರವರಿ 14ಕ್ಕೆ ತೆಗೆದರಂತೆ. ಮಾರ್ಚ್ 27ರಿಂದ ವಿಮಾನಗಳೂ ಮೊದಲಿನ ಹಾಗೆ ಶುರು ಅಂತ ನಿನ್ನೆ ಹೇಳಿದ್ದಾರೆ. ಈ ಸಲ ಮುಂದಕ್ಕೆ ಹೋಗದಿರಲಿ.

ಚಿಕ್ಕಬಳ್ಳಾಪುರದ ತಂದೆ · ಮಾರ್ಚ್ 10

ತುಂಬಾ ಸಂತೋಷ ಮೇಡಂ. ನಮ್ಮ ತಮ್ಮನ ಮಗ ಮುಂದಿನ ವಾರ ಅಮೆರಿಕಕ್ಕೆ ಹೊರಡುತ್ತಿದ್ದಾನೆ, ಅವನಿಗೂ ಜನವರಿ ಕೊನೆಗೆ ಕೋವಿಡ್ ಬಂದಿತ್ತು. ಲ್ಯಾಬ್ ರಿಪೋರ್ಟ್ ಇದೆ. ನಿಮ್ಮ ಥರವೇ ವೈದ್ಯರ ಪತ್ರ ಮಾಡಿಸಬೇಕು. ಏನೇನು ನೋಡಿಕೊಳ್ಳಬೇಕು?

ಕ್ಯಾತ್ಸಂದ್ರದ ಟೀಚರ್ · ಮಾರ್ಚ್ 10

ಪತ್ರಕ್ಕೆ ಮುಂಚೆ ರಿಪೋರ್ಟ್ ತೆಗೆದು ನೋಡಿ ಸರ್. ಹೆಸರು ಪಾಸ್‌ಪೋರ್ಟ್‌ನಂತೆ ಇದೆಯಾ, ಸ್ಯಾಂಪಲ್ ಕೊಟ್ಟ ದಿನಾಂಕ ಇದೆಯಾ? ಇಲ್ಲದಿದ್ದರೆ ಇವತ್ತೇ ಲ್ಯಾಬಿಗೆ ಹೋಗಿ ತಿದ್ದಿಸಿ, ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ. ನಮ್ಮನೆಯವರ ಪತ್ರದ ಫೋಟೋ ಬೇಕಾದರೆ ಹೆಸರು ಮರೆಮಾಡಿ ಕಳಿಸುತ್ತೇನೆ, ಅದೇ ಮಾದರಿಯಲ್ಲಿ ಬರೆಸಿಕೊಳ್ಳಲಿ.